ಕರಾವಳಿಯ ದರ್ಶನವೂ ಕನ್ನಡಿಗರ ಕರ್ತವ್ಯವೂ

ಬಯಲುಸೀಮೆಯ ಒಂದು ಪಟ್ಟಣದಲ್ಲಿ ಬಹುಕಾಲದಿಂದ ಶಿಕ್ಷಕರಾಗಿರುವ ನಮ್ಮ ಮಿತ್ರರೊಬ್ಬರು, ಬರುವ ರಜೆಯಲ್ಲಿ ಮಕ್ಕಳಿಗೆ ಸಮುದ್ರವನ್ನು ತೋರಿಸಲು ಹೊರಟಿರುವದಾಗಿ ಈಚೆಗೆ ನಮಗೆ ತಿಳಿಸಿದರು. ಎಲ್ಲಿಗೆ ಹೋಗುವಿರೆಂದು ನಾವು ಕೇಳಲು, ‘ಸಮುದ್ರವೆಂದ ಮೇಲೆ ಗೋವೆಗಲ್ಲದೆ ಮತ್ತೆಲ್ಲಿಗೆ?’ ಎಂದು ಅವರು ನಕ್ಕರು. ಈ ಮಹನೀಯರು ಇಪ್ಪತ್ತು ವರ್ಷಗಳಿಂದ ಕರ್ನಾಟಕದ ಭೂಪಟವನ್ನು ಕರಿಹಲಗೆಯ ಮೇಲೆ ಬರೆಯುತ್ತ ಬಂದವರು. ಆ ಪಟದ ಪಡುವಣ ಅಂಚಿನಲ್ಲಿ ಪ್ರತಿ ವರ್ಷವೂ ತಪ್ಪದೆ ನೀಲಿಯ ಸುಣ್ಣದ ಕಡ್ಡಿಯಿಂದ ಸಮುದ್ರವನ್ನು ತುಂಬಿದವರು. ಆದರೆ ಆ ನೀಲಿಯ ಬಣ್ಣಕ್ಕೆ ತಗಲಿಕೊಂಡಿರುವ ನೆಲವು ತಮ್ಮದೆಂಬ ನೆನಪು, ರಜೆಯ ಮಾತು ಬಂದೊಡನೆ, ಅವರಿಗೆ ಆಗಲಿಲ್ಲ. ಗೋವೆಯ ಮೇಲೆ ನಮಗೆ ಎಳ್ಳಷ್ಟೂ ಮತ್ಸರವಿಲ್ಲ. ಅದು ಸುಂದರವಾದ ನಾಡು; ನೋಡತಕ್ಕದ್ದೇ ಸರಿ. ಆದರೆ ಗೋವೆಯ ಗಡಿಯಿಂದ ಕೆಲವೇ ಹರದಾರಿ ದಕ್ಷಿಣಕ್ಕೆ ಕಾಳೀ ನದಿಯ ಅಳಿವೆಯಲ್ಲಿ ನಿಂತಿರುವ ಕಾರವಾರವು ನಮ್ಮ ಶಿಕ್ಷಕರಿಗೆ ಪರದೇಶವಾಗಿರುವದಲ್ಲಾ ಎಂಬ ವಿಷಾದವು ಮಾತ್ರ ನಮ್ಮನ್ನು ಬಿಡದು.

೧೯೫೬ನೆಯ ಇಸವಿಯ ನವೆಂಬರ ೧ರಂದು ಕನ್ನಡ ನಾಡು ಒಂದಾಯಿತು. ೧೯೭೩ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಈ ಎರಡು ದಿನಗಳಿಗಾಗಿ ನಮ್ಮ ಹಿರಿಯರು ಅರ್ಧ ಶತಮಾನಕ್ಕೂ ಮಿಕ್ಕಿ ದುಡಿದರು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಆಲೂರ ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು ಬರೆದು, ಕನ್ನಡಿಗನು ಮೊದಲು ತನ್ನ ನಾಡನ್ನು ಅರಿಯಬೇಕೆಂದು ಊರೂರು ತಿರುಗಿ ಸಾರಿದರು. ಅವರ ಆ ಮೊದಲಿನ ಬೇಡಿಕೆಯು ಇಂದಿಗೂ ಪೂರ್ತಿಯಾಗಿ ಸಂದಿಲ್ಲವೆಂಬದೇ ನಮ್ಮ ಅಭಿಪ್ರಾಯ. ಭೂಪಟದ ಮೇಲಿನ ಗೆರೆಗಳನ್ನು ಸರಕಾರವು ಒಂದು ಶಾಸನದಿಂದ ಅಳಿಸಬಲ್ಲದು. ಮನಸ್ಸಿನೊಳಗಿನ ಗೆರೆಗಳನ್ನು ಅಳಿಸಲು ಕಾಲ್ನಡಿಗೆಯೂ ಕಣ್ಣೂ ಕಿವಿಯೂ ಬೇಕು. ನಾವು ಕಳೆದ ಮಾಗಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಈ ಐದು ಕಡಲ ತಾಲೂಕುಗಳಲ್ಲಿ ಸಂಚರಿಸಿ ಬಂದೆವು. ಅಲ್ಲಿ ಕಂಡುದನ್ನೂ, ಕಂಡು ಅನಿಸಿದುದನ್ನೂ ವಾಚಕರ ಮುಂದೆ ಇಡುವದು ಈ ಲೇಖದ ಉದ್ದೇಶವು.

ಮೊದಲು ಈ ಅಪರಿಚಯಕ್ಕೆ ಕಾರಣವೇನೆಂಬದನ್ನು ನೋಡೋಣ. ೧೭೯೯ರಲ್ಲಿ ಟೀಪೂ ಸುಲ್ತಾನನ ಪತನವಾದ ತರುವಾಯ ಕನ್ನಡ ಕರಾವಳಿಯು ಕಂಪನಿ ಸರಕಾರದ ಕೈಗೆ ಬಂದು ಮದರಾಸ ಇಲಾಖೆಗೆ ಸೇರಿತು. ೧೮೬೨ರಲ್ಲಿ ಅದರ ಉತ್ತರ ಭಾಗವನ್ನು ಕಡಿದು ಮುಂಬಯಿ ಇಲಾಖೆಗೆ ಹಚ್ಚಿದರು. ದಕ್ಷಿಣ ಭಾಗವು ಮದರಾಸಿನಲ್ಲಿಯೇ ಉಳಿಯಿತು. ಘಟ್ಟದ ಮೇಲಿನ ಶಿವಮೊಗ್ಗೆಯು ಮೈಸೂರ ಸಂಸ್ಥಾನದ್ದು. ಹೀಗಾಗಿ ಶರಾವತಿಯೊಂದೇ ನದಿಯು ಮೈಸೂರಿನಲ್ಲಿ ಹುಟ್ಟಿ, ಜೋಗದ ಬಳಿ ಎರಡು ರಾಜ್ಯಗಳ ಗಡಿಯಲ್ಲಿ ಧುಮುಕಿ, ಮುಂಬಯಿ ಇಲಾಖೆಯ ಹೊನ್ನಾವರದಲ್ಲಿ ಸಮುದ್ರವನ್ನು ಸೇರುತ್ತಿತ್ತು! ಒಂದು ಹೊಳೆಯ ನೀರಿಗೆ ಎರಡು ಕಚೇರಿಗಳು, ಎರಡು ಕಾನೂನುಗಳು. ಕರಾವಳಿಯ ಹುಡುಗನಿಗೆ ಮುಂಬಯಿಯು ಹತ್ತಿರವಾಯಿತು, ಮೈಸೂರು ದೂರವಾಯಿತು. ಮಂಗಳೂರಿನವನು ಮದರಾಸಿನ ಕಡೆಗೆ ಮುಖ ಮಾಡಿದನು. ನೆರೆಯವರು ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕುಳಿತ ಈ ಸ್ಥಿತಿಯು ಸುಮಾರು ತೊಂಬತ್ತು ವರ್ಷಗಳ ವರೆಗೆ ನಡೆಯಿತು. ಆ ಅಭ್ಯಾಸವು ನಮ್ಮನ್ನು ಇನ್ನೂ ಪೂರ್ಣವಾಗಿ ಬಿಟ್ಟಿಲ್ಲ.

ಆದರೆ ಅದಕ್ಕೂ ಮೊದಲು ಈ ಕಡಲೂ ಬಯಲೂ ಒಂದೇ ಸಂಸಾರದ ಎರಡು ಕೈಗಳಂತೆ ಇದ್ದವು. ಧಾರವಾಡ ಸೀಮೆಯ ಕರಿಯ ಎರೆಭೂಮಿಯಲ್ಲಿ ಬೆಳೆದ ಅರಳೆಯು ಎತ್ತುಗಳ ಮೇಲೆಯೂ ಗಾಡಿಗಳಲ್ಲಿಯೂ ಘಟ್ಟವನ್ನು ಇಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಹಡಗನ್ನೇರಿ ಮುಂಬಯಿಗೂ ವಿಲಾಯತಿಗೂ ಹೋಗುತ್ತಿತ್ತು. ೧೮೬೧ರಿಂದ ೧೮೬೫ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿಯು ನಿಂತಾಗ, ಈ ಅರಳೆಗೆ ಎಲ್ಲಿಲ್ಲದ ಬೆಲೆ ಬಂದಿತು. ಇಂಗ್ಲಂಡದ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಹತ್ತಿಯೆಂದೇ ಹೆಸರು. ಬೆಳೆದುದು ಹುಬ್ಬಳ್ಳಿ-ಗದಗಿನ ಹೊಲಗಳಲ್ಲಿ, ಹೆಸರು ಕಡಲ ತೀರದ ಊರಿನದು! ಇದಕ್ಕಿಂತ ಏಕೀಕರಣದ ಸಾಕ್ಷಿಯು ಇನ್ನೇನು ಬೇಕು? ಮುಂದೆ ರೈಲಿನ ಹಾದಿಯು ಗೋವೆಯ ಮುರ್ಮಗೋವೆಗೆ ಇಳಿಯಿತು. ಕುಮಟೆಯ ಬಂದರು ಬಡವಾಯಿತು, ಎತ್ತಿನ ಹಾದಿಗಳ ಮೇಲೆ ಹುಲ್ಲು ಬೆಳೆಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಹಾಕುವ ವಿಚಾರವು ಮಂಜೂರಾಗಿ ದಶಕಗಳು ಸಂದರೂ, ಘಟ್ಟದ ಅರಣ್ಯದ ಪ್ರಶ್ನೆಯಿಂದ ಅದು ತಡೆದು ನಿಂತಿದೆ. ಕಾಡೂ ನಮ್ಮದೇ, ದಾರಿಯೂ ನಮಗೇ ಬೇಕು. ಈ ತೊಡಕನ್ನು ಬಿಡಿಸುವದು ಸುಲಭವಲ್ಲವೆಂಬದನ್ನು ನಾವು ಒಪ್ಪುತ್ತೇವೆ. ಆದರೆ ರೈಲು ಬರುವ ವರೆಗೆ ಮನಸ್ಸನ್ನೂ ಕಟ್ಟಿ ಕೂಡ್ರಿಸಬೇಕಾದ ಕಾರಣವಿಲ್ಲ.

ಇನ್ನು ಪ್ರವಾಸದ ಮಾತು. ಕಾರವಾರದ ದಂಡೆಯ ಮೇಲೆ ನಿಂತವನಿಗೆ ಬಲಗಡೆಗೆ ಕಾಳೀ ನದಿಯ ಅಳಿವೆಯೂ ಆಚೆ ಸದಾಶಿವಗಡದ ಗುಡ್ಡವೂ ಮುಂದೆ ದ್ವೀಪಗಳ ಸಾಲೂ ಕಾಣುವವು. ಸಮುದ್ರವು ಇಲ್ಲಿ ಅಬ್ಬರಿಸುವದಿಲ್ಲ. ಗುಡ್ಡಗಳ ತೋಳಿನಲ್ಲಿ ಮಲಗಿದಂತೆ ಶಾಂತವಾಗಿರುವದು. ೧೮೮೩ರಲ್ಲಿ ಒಬ್ಬ ಇಪ್ಪತ್ತೆರಡು ವರ್ಷದ ಬಂಗಾಲಿ ತರುಣನು, ಇಲ್ಲಿ ನ್ಯಾಯಾಧೀಶನಾಗಿದ್ದ ತನ್ನ ಅಣ್ಣನ ಮನೆಗೆ ಬಂದಿದ್ದನು. ಅಣ್ಣನು ಸತ್ಯೇಂದ್ರನಾಥ ಟಾಗೋರರು, ತಮ್ಮನು ರವೀಂದ್ರನಾಥರು. ಬೆಳದಿಂಗಳಿನಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ತೇಲಿದ ಆ ರಾತ್ರಿಯನ್ನು ಅವರು ಮುಪ್ಪಿನ ಹೊಸ್ತಿಲಲ್ಲಿ ಬರೆದ ತಮ್ಮ ಸ್ಮೃತಿಗಳಲ್ಲಿಯೂ ಮರೆಯಲಿಲ್ಲ. ‘ಪ್ರಕೃತಿರ ಪ್ರತಿಶೋಧ’ವೆಂಬ ನಾಟಕವನ್ನು ಅವರು ಬರೆದುದು ಇಲ್ಲಿಯೇ. ಲೋಕವನ್ನು ತೊರೆದೆನೆಂದು ಬೀಗಿದ ಸನ್ಯಾಸಿಯೊಬ್ಬನನ್ನು ಒಂದು ಅನಾಥ ಬಾಲಿಕೆಯ ಪ್ರೀತಿಯು ಲೋಕಕ್ಕೆ ಮರಳಿ ಕರೆತರುವದೇ ಆ ನಾಟಕದ ವಸ್ತು. ದಂಡೆಗೆ ಈಗ ಅವರ ಹೆಸರೇ ಇದೆ. ಎರಡು ಸಾವಿರ ಕಿಲೋಮೀಟರು ದೂರದಿಂದ ಬಂದವನು ಈ ನೆಲದಿಂದ ಒಂದು ನಾಟಕವನ್ನು ಒಯ್ದನು. ಇನ್ನೂರು ಕಿಲೋಮೀಟರಿನೊಳಗಿನವರಾದ ನಾವು ಒಯ್ಯುವದೇನು? ಕೈಯಂತ್ರದಲ್ಲಿ ಹಿಡಿದ ನಮ್ಮದೇ ಮುಖದ ಚಿತ್ರವಷ್ಟೆ!

ಅದೇ ಕಾರವಾರದಲ್ಲಿ ೨೦೦೫ರಲ್ಲಿ ಭಾರತದ ನೌಕಾದಳವು ತನ್ನ ನೆಲೆಯನ್ನು ತೆರೆದು, ಬನವಾಸಿಯ ಅರಸರ ನೆನಪಿಗೆ ಅದನ್ನು ‘ಕದಂಬ’ವೆಂದು ಕರೆಯಿತು. ಆ ಹೆಸರನ್ನು ಕೇಳಿ ನಮ್ಮ ಎದೆಯು ಉಬ್ಬುವದು ನಿಜ. ಆದರೆ ಆ ನೆಲೆಗಾಗಿ ತಲೆತಲಾಂತರದ ದಂಡೆಯನ್ನೂ ಗದ್ದೆಗಳನ್ನೂ ಬಿಟ್ಟು ಎದ್ದು ಹೋದ ಸಹಸ್ರಾರು ಕುಟುಂಬಗಳನ್ನು ಎಷ್ಟು ಜನ ಪ್ರವಾಸಿಗರು ನೆನೆಯುವರು? ದೇಶದ ರಕ್ಷಣೆಯು ಬೇಕು. ಅದರ ಬೆಲೆಯನ್ನು ತೆತ್ತವರು ಯಾರೆಂಬ ಅರಿವೂ ಬೇಕು. ಮೀನುಗಾರನ ಬಲೆಯನ್ನು ಚಿತ್ರಕ್ಕೆ ಯೋಗ್ಯವಾದ ವಸ್ತುವೆಂದು ನೋಡಿ ಮುಂದೆ ಹೋಗುವವನು ನಾಡನ್ನು ನೋಡಿದಂತಾಗಲಿಲ್ಲ.

ಅಂಕೋಲೆಯನ್ನು ದಾಟುವ ಕನ್ನಡಿಗನು ಅಲ್ಲಿ ಒಂದು ಗಳಿಗೆಯಾದರೂ ನಿಲ್ಲಬೇಕು. ೧೯೩೦ರಲ್ಲಿ ಗಾಂಧೀಜಿಯವರು ದಂಡಿಯಲ್ಲಿ ಉಪ್ಪನ್ನೆತ್ತಿದಾಗ, ಕರ್ನಾಟಕದ ಕಾಂಗ್ರೆಸ್ಸು ತನ್ನ ಸತ್ಯಾಗ್ರಹಕ್ಕೆ ಆರಿಸಿಕೊಂಡುದು ಅಂಕೋಲೆಯನ್ನು. ಏಪ್ರಿಲ ೧೩ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಲ್ಲಿ ಕಾನೂನು ಮುರಿದು ಉಪ್ಪು ತೆಗೆದರು. ಅನಂತರ ಅಂಕೋಲೆ, ಸಿದ್ದಾಪುರಗಳ ರೈತರು ಕರನಿರಾಕರಣೆಯ ಹೋರಾಟವನ್ನು ಹೂಡಿದರು. ಸರಕಾರವು ಹೊಲಮನೆಗಳನ್ನು ಜಪ್ತಿ ಮಾಡಿತು. ನೂರಾರು ಸಂಸಾರಗಳು ಬೀದಿಗೆ ಬಿದ್ದವು. ಹೆಂಗಸರು ಸೆರೆಮನೆ ಕಂಡರು. ಆ ಕಾಲಕ್ಕೆ ಕನ್ನಡ ನಾಡು ಇನ್ನೂ ಇಪ್ಪತ್ತು ಆಡಳಿತಗಳಲ್ಲಿ ಹಂಚಿಹೋಗಿತ್ತು. ಆದರೂ ಒಂದು ಕಡಲೂರಿನ ಉಪ್ಪಿಗಾಗಿ ಘಟ್ಟದ ಮೇಲಿನ ಸ್ವಯಂಸೇವಕರು ಇಳಿದು ಬಂದರು. ನಾಡು ಕಾಗದದ ಮೇಲೆ ಒಂದಾಗುವದಕ್ಕೆ ೨೬ ವರ್ಷ ಮೊದಲೇ ಉಪ್ಪಿನ ಗದ್ದೆಯಲ್ಲಿ ಒಂದಾಗಿತ್ತೆಂದು ನಾವು ಧೈರ್ಯವಾಗಿ ಹೇಳಬಲ್ಲೆವು.

ಉಪ್ಪಿನ ಮಾತು ಬಂದುದರಿಂದ ಹೇಳುತ್ತೇವೆ: ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಲ್ಲಿ ಇಂದಿಗೂ ಬಿಸಿಲಿನಿಂದ ಉಪ್ಪನ್ನು ಮಾಡುವರು. ಭರತದ ನೀರನ್ನು ಕಟ್ಟಿ, ಮಡಿಯಿಂದ ಮಡಿಗೆ ಹಾಯಿಸಿ, ಬೇಸಗೆಯ ಸೂರ್ಯನಿಗೆ ಒಪ್ಪಿಸಿ, ಹರಳುಗಟ್ಟಿದ ಮೇಲೆ ಎಳೆದು ರಾಶಿ ಹಾಕುವದನ್ನು ಯಾವ ಮಗುವಾದರೂ ಅರ್ಧ ತಾಸು ನೋಡಿದರೆ, ಪುಸ್ತಕದಲ್ಲಿಯ ಒಂದು ಪ್ರಕರಣವನ್ನೇ ಕಲಿತಂತಾಗುವದು. ಪಕ್ಕದ ಅಘನಾಶಿನಿಯು ಅಣೆಕಟ್ಟನ್ನು ಕಾಣದೆ ಕಡಲಿಗೆ ಬರುವ ಅಪರೂಪದ ನದಿ. ಅದರ ಅಳಿವೆಯಲ್ಲಿ ಸಿಹಿಯೂ ಉಪ್ಪೂ ಬೆರೆಯುವ ಗಜನಿ ಭೂಮಿಗಳಿವೆ. ಅಲ್ಲಿ ಉಪ್ಪುನೀರನ್ನು ತಾಳುವ ‘ಕಗ್ಗ’ವೆಂಬ ಬತ್ತವನ್ನು ಬೆಳೆಯುತ್ತಾರೆ, ಬೆಳೆ ಕೊಯ್ದ ಮೇಲೆ ಅದೇ ಗದ್ದೆಗೆ ಮೀನು ಬರುವದು. ಇಳಿತದ ಹೊತ್ತಿನಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಹೆಂಗಸರು ಚಿಪ್ಪಿಕಲ್ಲನ್ನು ಆರಿಸುವರು. ೨೦೨೪ರಲ್ಲಿ ಈ ಅಳಿವೆಯು ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುನೆಲಗಳ ಯಾದಿಗೆ ಸೇರಿತು. ಲೋಕವು ಮನ್ನಿಸಿದ ಈ ಕೆಸರಿನ ಹೆಸರನ್ನು ನಮ್ಮ ಎಷ್ಟು ಶಾಲೆಗಳ ಮಕ್ಕಳು ಬಲ್ಲರು?

ಗೋಕರ್ಣದ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಕಾಳಿದಾಸನು ರಘುವಂಶದ ಎಂಟನೆಯ ಸರ್ಗದಲ್ಲಿ, ತೆಂಕಣ ಕಡಲಿನ ತಡಿಯಲ್ಲಿ ನೆಲೆಸಿದ ಗೋಕರ್ಣೇಶ್ವರನ ಸೇವೆಗೆ ನಾರದನನ್ನು ವೀಣೆಯೊಡನೆ ಕಳಿಸುವನು. ಅಂಥ ಹಳೆಯ ಕ್ಷೇತ್ರವಿದು. ಈಗ ಅದೇ ಊರಿನ ಗುಡ್ಡದಾಚೆ ಓಂಕಾರದ ಆಕಾರದ ದಂಡೆಯು ದೇಶವಿದೇಶಗಳ ತರುಣರನ್ನು ಸೆಳೆಯುತ್ತಿದೆ. ಬರಲಿ, ಅತಿಥಿಯನ್ನು ಬೇಡವೆನ್ನುವದು ಕನ್ನಡಿಗರ ಧರ್ಮವಲ್ಲ. ಆದರೆ ನಮ್ಮ ಪಟ್ಟಣಗಳಿಂದ ಶನಿವಾರ ರಾತ್ರಿ ಹೊರಟು ರವಿವಾರ ಸಂಜೆ ಹಿಂತಿರುಗುವ ನಮ್ಮದೇ ಜನರು ಮರಳಿನ ಮೇಲೆ ಬಿಟ್ಟು ಹೋಗುವ ಬಾಟಲಿಗಳನ್ನೂ ಪ್ಲಾಸ್ಟಿಕ್ಕಿನ ಚೀಲಗಳನ್ನೂ ಕಂಡು ನಮಗೆ ನಾಚಿಕೆಯಾಯಿತು. ಕಾವಲುಗಾರನ ಸೀಟಿಯನ್ನು ಲೆಕ್ಕಿಸದೆ, ಸೆಳೆತವನ್ನು ಅರಿಯದೆ ನೀರಿಗೆ ಇಳಿದು ಮಗನನ್ನು ಕಳಕೊಳ್ಳುವ ತಂದೆತಾಯಿಗಳ ಸುದ್ದಿಯು ಕರಾವಳಿಯ ಪತ್ರಿಕೆಗಳಲ್ಲಿ ಅಪರೂಪವಲ್ಲ. ಸಮುದ್ರವು ಕೆರೆಯಲ್ಲ. ಅದರ ಮರ್ಯಾದೆಯನ್ನು ಅಲ್ಲಿಯ ಬೆಸ್ತರಿಂದ ಕೇಳಿ ತಿಳಿಯದವನು ಅದರ ಹತ್ತಿರ ಸುಳಿಯಬಾರದು.

ಕುಮಟೆಯಿಂದ ತುಸು ಒಳಗೆ ಮಿರ್ಜಾನದ ಜಂಬಿಟ್ಟಿಗೆ ಕೋಟೆಯು ಮಳೆಗಾಲದ ಹಾವಸೆಯನ್ನು ಹೊದ್ದು ನಿಂತಿದೆ. ಈ ಕೋಟೆಯ ಹೆಸರು ಗೇರಸೊಪ್ಪೆಯ ರಾಣಿ ಚೆನ್ನಭೈರಾದೇವಿಯೊಡನೆ ಕೂಡಿಕೊಂಡಿರುವದು. ಹದಿನಾರನೆಯ ಶತಮಾನದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದ ಈ ಜೈನ ರಾಣಿಯನ್ನು ಪೋರ್ತುಗೀಜರು ‘ಮೆಣಸಿನ ರಾಣಿ’ ಎಂದು ಕರೆದರು. ಘಟ್ಟದ ಕರಿಮೆಣಸು ಅವಳ ಬಂದರುಗಳಿಂದಲೇ ಯುರೋಪಕ್ಕೆ ಹೋಗಬೇಕಾಗಿತ್ತು. ಕೊನೆಗೆ ಅವಳು ಪೋರ್ತುಗೀಜರಿಗಲ್ಲ, ಕೆಳದಿಯ ನಾಯಕರಿಗೆ ಸೋತು ಸೆರೆಯಲ್ಲಿ ಮಡಿದಳು. ಕನ್ನಡದ ಒಬ್ಬ ಅರಸನು ಕನ್ನಡದ ಒಬ್ಬ ರಾಣಿಯನ್ನು ಕೆಡವಿದ ಈ ಕಥೆಯನ್ನು ನಾವು ಮುಚ್ಚಿಡತಕ್ಕದ್ದಲ್ಲ. ೧೬೨೩ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆಯು ಹೊನ್ನಾವರದಿಂದ ಶರಾವತಿಯ ಮೇಲೆ ದೋಣಿಯಲ್ಲಿ ಗೇರಸೊಪ್ಪೆಗೆ ಬಂದಾಗ, ಆ ಮಹಾನಗರವು ಅದಾಗಲೇ ಹಾಳುಬಿದ್ದು ಗಿಡಗಂಟಿಗಳಿಂದ ತುಂಬಿತ್ತು. ಇಂದಿಗೂ ನಗರಬಸ್ತಿಕೇರಿಯ ಕಾಡಿನಲ್ಲಿ ನಾಲ್ಕು ಮುಖದ ಬಸದಿಯೊಂದು ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿದೆ. ನಾವು ಹೋದ ದಿನ ಅಲ್ಲಿ ನಮ್ಮ ಹೊರತು ಒಂದು ನರಪಿಳ್ಳೆಯೂ ಇರಲಿಲ್ಲ.

ಶಿಕ್ಷಕ ಬಂಧುಗಳಿಗೆ ಈ ಭಾಗದ ಇನ್ನೆರಡು ಸಂಗತಿಗಳನ್ನು ವಿಶೇಷವಾಗಿ ಹೇಳಬೇಕಾಗಿದೆ. ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಇಬ್ನ ಬತೂತನು ಹೊನ್ನಾವರಕ್ಕೆ ಬಂದನು. ಆ ಊರಿನಲ್ಲಿ ಗಂಡುಹುಡುಗರಿಗೆ ೨೩ ಶಾಲೆಗಳನ್ನೂ ಹೆಣ್ಣುಹುಡುಗಿಯರಿಗೆ ೧೩ ಶಾಲೆಗಳನ್ನೂ ತಾನು ಕಂಡೆನೆಂದೂ, ಅಲ್ಲಿಯ ಹೆಂಗಸರು ಕುರಾನನ್ನು ಕಂಠಪಾಠ ಮಾಡಿದ್ದರೆಂದೂ, ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಅವನು ಬರೆದಿಟ್ಟಿದ್ದಾನೆ. ಸ್ತ್ರೀಶಿಕ್ಷಣವು ನಿನ್ನೆ ಮೊನ್ನೆ ಹಡಗಿನಿಂದ ಇಳಿದ ಸರಕೆಂದು ತಿಳಿದವರು ಇದನ್ನು ಓದಬೇಕು. ಎರಡನೆಯದು, ಮೇಲೆ ಹೇಳಿದ ಇಟಲಿಯವನ ಸಾಕ್ಷಿ. ಅವನು ಗೇರಸೊಪ್ಪೆಯಿಂದ ಘಟ್ಟವೇರಿ ಇಕ್ಕೇರಿಗೆ ಹೋಗುವಾಗ, ದೇವಾಲಯವೊಂದರ ಜಗಲಿಯಲ್ಲಿ ಕೆಲವು ಚಿಕ್ಕ ಹುಡುಗರು ಮಾಸ್ತರನಿಲ್ಲದೆಯೇ ತಮ್ಮೊಳಗೆ ಲೆಕ್ಕವನ್ನು ಕಲಿಯುತ್ತಿದ್ದರು. ಪಾಠವನ್ನು ರಾಗವಾಗಿ ಹಾಡುತ್ತ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದ ಆ ಬಾಲಕರನ್ನು ಕಂಡು ಅವನು ಬೆರಗಾದನು. ನಾಲ್ಕು ನೂರು ವರ್ಷಗಳ ಹಿಂದಿನ ಆ ಕನ್ನಡ ಶಾಲೆಯ ಚಿತ್ರವು ಪರದೇಶದವನ ಪತ್ರದಲ್ಲಿ ಉಳಿದಿದೆ. ನಮ್ಮ ತರಗತಿಗಳಲ್ಲಿ ಅದನ್ನು ಹೇಳುವವರು ಮಾತ್ರ ವಿರಳ.

ವ್ಯಾಕರಣದ ಅಭಿಮಾನಿಗಳು ಭಟ್ಕಳ ತಾಲೂಕಿನ ಹಾಡುವಳ್ಳಿಗೆ ಹೋಗಿ ಕೈಮುಗಿಯಬೇಕು. ಸಂಗೀತಪುರವೆಂದು ಹೆಸರಾಗಿದ್ದ ಆ ಊರಿನ ಜೈನಮಠದ ಗುರು ಅಕಳಂಕದೇವರ ಶಿಷ್ಯನಾದ ಭಟ್ಟಾಕಳಂಕನು ೧೬೦೪ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದನು. ೫೯೨ ಸಂಸ್ಕೃತ ಸೂತ್ರಗಳಲ್ಲಿ ಕನ್ನಡಕ್ಕೆ ವ್ಯಾಕರಣವನ್ನು ಕಟ್ಟಿ, ಕನ್ನಡವು ಶಾಸ್ತ್ರಕ್ಕೆ ಯೋಗ್ಯವಾದ ಭಾಷೆಯಲ್ಲವೆನ್ನುವವರಿಗೆ ಆತನು ಅವರ ಶಾಸ್ತ್ರದ ಭಾಷೆಯಲ್ಲಿಯೇ ಉತ್ತರ ಕೊಟ್ಟನು. ೧೮೯೦ರಲ್ಲಿ ರೈಸ್ ಸಾಹೇಬರು ಅದನ್ನು ಅಚ್ಚು ಹಾಕಿಸಿದರು. ಇತ್ತ ಭಟ್ಕಳದ ಊರೊಳಗೆ ಖೇತಪೈ ನಾರಾಯಣ ದೇವಾಲಯವೂ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯೂ ಇವೆ. ಇಲ್ಲಿಯ ಶಿಲ್ಪಿಯ ಜಾಣ್ಮೆಯನ್ನು ನೋಡಿರಿ: ಕರಾವಳಿಯ ಮಳೆಗೆ ಚಪ್ಪಟೆಯಾದ ಮಾಡು ನಿಲ್ಲದೆಂದು ಅರಿತು, ಹುಲ್ಲುಮನೆಯ ಇಳಿಜಾರಿನ ಮಾಡನ್ನೇ ಅವನು ಕಲ್ಲಿನ ಹಾಸುಗಳಲ್ಲಿ ಕಟ್ಟಿದನು, ಮರದ ಜಾಲರಿಯಂತೆ ಕಲ್ಲಿನ ಜಾಲರಿಯನ್ನು ನಿಲ್ಲಿಸಿ ಗಾಳಿಯನ್ನು ಬಿಟ್ಟು ಮಳೆಯ ಎರಚಲನ್ನು ತಡೆದನು. ಬಡವನ ಗುಡಿಸಲಿನ ಬುದ್ಧಿಯನ್ನು ದೇವರ ಗುಡಿಗೆ ತಂದ ಆ ಕೈಗಳ ಹೆಸರನ್ನು ಯಾವ ಶಾಸನವೂ ಹೇಳದು.

ಕಲೆಯ ಮಾತಿನಲ್ಲಿ ನಮ್ಮ ಮನಸ್ಸನ್ನು ಬಹಳ ನೋಯಿಸಿದ ಒಂದು ಸಂಗತಿಯನ್ನು ಹೇಳದೆ ಇರಲಾರೆವು. ಗೋವೆಯಿಂದ ಕನ್ನಡ ಕರಾವಳಿಯ ವರೆಗೆ ಹಳೆಯ ಗುಡಿಗಳ ಗೋಡೆಗಳ ಮೇಲೆ ‘ಕಾವಿ’ಯೆಂಬ ಚಿತ್ರಕಲೆಯುಂಟು. ಚಿಪ್ಪು ಸುಟ್ಟ ಸುಣ್ಣವನ್ನು ಸಣ್ಣ ಮರಳಿನೊಡನೆ ಹದಮಾಡಿ ಗೋಡೆಗೆ ಬಳಿದು, ಅದರ ಮೇಲೆ ಕೆಮ್ಮಣ್ಣಿನ ಬಣ್ಣವನ್ನು ಕೊಟ್ಟು, ಹಸಿ ಆರುವ ಮೊದಲೇ ಉಕ್ಕಿನ ಕಂಟದಿಂದ ಕೆರೆದು ಒಳಗಿನ ಬಿಳುಪನ್ನು ಹೊರಗೆ ತರುವರು. ಕೆಂಪು, ಬಿಳುಪು ಎರಡೇ ಬಣ್ಣ. ಆ ಎರಡರಲ್ಲಿಯೇ ಬಳ್ಳಿಗಳು, ಆನೆಗಳು, ದಶಾವತಾರ, ರಾಮಾಯಣ ಎಲ್ಲವೂ ಮೂಡುವವು. ನಾವು ಹಿಂದೊಮ್ಮೆ ಕಂಡಿದ್ದ ಒಂದು ಚಿಕ್ಕ ಗುಡಿಯನ್ನು (ಊರಿನ ಹೆಸರು ಬೇಡ) ಈ ಸಲ ಹುಡುಕಿಕೊಂಡು ಹೋದೆವು. ಹೊರಗೋಡೆಯ ಮೇಲೆ ಹೊಳಪಿನ ಬಿಲ್ಲೆಗಳನ್ನು ಕೂಡಿಸಿದ್ದರು. ಒಳಗೆ ಸಿಮೆಂಟಿನ ಗಿಲಾವು, ಅದರ ಮೇಲೆ ಹಳದಿಯ ಎಣ್ಣೆಬಣ್ಣ. ಚಿತ್ರಗಳು ಎಲ್ಲಿ ಹೋದವೆಂದು ಕೇಳಲು, ಮುದುಕರಾದ ಅರ್ಚಕರು, ‘ಗೋಡೆ ಹಳತಾಗಿತ್ತು, ಭಕ್ತರು ದುಡ್ಡು ಕೊಟ್ಟರು, ಜೀರ್ಣೋದ್ಧಾರವಾಯಿತು’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಚಿಕ್ಕವನಿದ್ದಾಗ ರಾಮಾಯಣವನ್ನು ಆ ಗೋಡೆಯ ಮೇಲೆಯೇ ಕಲಿತೆ’ ಎಂದೂ ಸೇರಿಸಿದರು. ಯಾವ ಶತ್ರುವೂ ಬಂದು ಆ ಗೋಡೆಯನ್ನು ಕೆಡಿಸಲಿಲ್ಲ. ಭಕ್ತಿಯೇ ಕೆಡಿಸಿತು, ಅರಿವಿಲ್ಲದ ಭಕ್ತಿ.

ಇದಕ್ಕೆ ಆ ಊರಿನವರನ್ನು ಜರೆಯುವದು ನ್ಯಾಯವಲ್ಲ. ಆ ಗೋಡೆಗೆ ಬೆಲೆಯಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳತಕ್ಕವರು ಅದನ್ನು ನೋಡಲು ಬಂದಿರಲಿಲ್ಲ. ದಂಡೆಗೆ ಬಂದ ಸಾವಿರ ಜನರಲ್ಲಿ ಹತ್ತು ಜನ ಆ ಗುಡಿಯ ವರೆಗೆ ನಡೆದು, ಗೋಡೆಯ ಮುಂದೆ ನಿಂತು, ‘ಎಷ್ಟು ಚೆಲುವಾಗಿದೆ!’ ಎಂದಿದ್ದರೆ, ಆ ಗೋಡೆಯು ಇಂದಿಗೂ ಉಳಿಯುತ್ತಿತ್ತೆಂಬದರಲ್ಲಿ ನಮಗೆ ಸಂಶಯವಿಲ್ಲ. ನೋಡುವ ಕಣ್ಣಿಲ್ಲದ ಕಲೆಯು ಬಾಳುವದಿಲ್ಲ. ನಮ್ಮ ಈ ಲೇಖದ ಹುರುಳೆಲ್ಲ ಇಷ್ಟರಲ್ಲಿಯೇ ಇದೆ.

ನೋಡುವ ಕಣ್ಣಿದ್ದಲ್ಲಿ ಕಲೆಯು ಹೇಗೆ ಬಾಳುವದೆಂಬದಕ್ಕೂ ಇದೇ ಜಿಲ್ಲೆಯಲ್ಲಿ ನಿದರ್ಶನವುಂಟು. ೧೯೩೪ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿಯ ಗಣಪತಿಯ ಹೆಸರಿನಲ್ಲಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಮಗ ಶಂಭು ಹೆಗಡೆಯವರ ಕಾಲಕ್ಕೆ ಅದು ದೇಶವಿದೇಶಗಳಿಗೆ ಹೋಗಿ ಬಂದಿತು, ಇಂದಿಗೂ ನಡೆದಿದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ೨೦೧೨ರಲ್ಲಿ ಪದ್ಮಶ್ರೀ ಬಂದಾಗ ಹೊನ್ನಾವರದ ಗದ್ದೆಬಯಲುಗಳೆಲ್ಲ ಹಿಗ್ಗಿದವು. ರಾತ್ರಿಯಿಡೀ ಕುಳಿತು ನೋಡುವ ಜನರು ಇದ್ದುದರಿಂದ ತಾನೇ ಆ ಕುಣಿತವು ಉಳಿದುದು? ಅಂತೆಯೇ ಹಾಲಕ್ಕಿ ಒಕ್ಕಲಿಗರ ಹಾಡುಗಳು. ಅಂಕೋಲೆಯ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿಯದೆಯೇ ಸಾವಿರಾರು ಹಾಡುಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದರು. ೨೦೨೫ರಲ್ಲಿ ಅವರು ತೀರಿಕೊಂಡರು. ಅದಕ್ಕೂ ಎರಡು ತಿಂಗಳು ಮೊದಲು ಸಾವಿರಾರು ಸಸಿಗಳ ತಾಯಿಯಾದ ತುಳಸಿ ಗೌಡರು ಅಗಲಿದ್ದರು. ಇಂಥವರು ಹೋದ ಮೇಲೆ ಹುಡುಕುವದಕ್ಕಿಂತ, ಇರುವವರ ಜಗಲಿಯ ಮೇಲೆ ಇಂದೇ ಹೋಗಿ ಕುಳಿತುಕೊಳ್ಳುವದು ಮೇಲು.

ಇಲ್ಲಿ ಎರಡು ಆಕ್ಷೇಪಣೆಗಳು ಬರಬಹುದು. ಕಾರವಾರದಲ್ಲಿ ಕೊಂಕಣಿಯನ್ನಾಡುವರು, ಭಟ್ಕಳದಲ್ಲಿ ನವಾಯತಿಯನ್ನಾಡುವರು. ಇದು ಅಪ್ಪಟ ಕನ್ನಡ ಸೀಮೆಯು ಹೇಗಾಗುವದೆಂದು ಕೆಲವರು ಕೇಳುವರು. ನಮ್ಮ ಉತ್ತರವು ಸರಳವಾಗಿದೆ. ನಾಡಿನ ಏಕೀಕರಣವೆಂದರೆ ನಾಲಗೆಗಳ ಕತ್ತರಿಕೆಯಲ್ಲ. ಖೇತಪೈಯೆಂಬ ಕೊಂಕಣಿ ವರ್ತಕನು ಕಟ್ಟಿಸಿದ ಗುಡಿಯು ಕನ್ನಡ ನಾಡಿನ ಆಭರಣವು. ಹೊನ್ನಾವರದ ಮುಸಲ್ಮಾನ ಹುಡುಗಿಯರ ೧೩ ಶಾಲೆಗಳು ಕನ್ನಡ ನಾಡಿನ ಹೆಮ್ಮೆಯೇ. ಅಂಕೋಲೆಯ ದಿನಕರ ದೇಸಾಯಿಯವರು ೧೯೫೩ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಹಳ್ಳಿಗಳಿಗೆ ಶಾಲೆಗಳನ್ನು ತಂದಾಗ, ಮಗುವಿನ ಮನೆಮಾತು ಯಾವದೆಂದು ಕೇಳಿ ಬಾಗಿಲು ತೆರೆಯಲಿಲ್ಲ. ಹಲವು ಮನೆಮಾತಿನವರು ಒಂದೇ ಊರಿನಲ್ಲಿ ಕನ್ನಡವನ್ನು ಬೀದಿಯ ಮಾತಾಗಿ ಆಡುವದಿದ್ದರೆ, ಅದು ಕನ್ನಡದ ಸೋಲಲ್ಲ, ಗೆಲುವು.

ಎರಡನೆಯವರು, ಪ್ರವಾಸಿಗರು ಹೆಚ್ಚಿದಷ್ಟೂ ಹಣ ಬರುವದು. ದೊಡ್ಡ ರಸ್ತೆಗಳನ್ನೂ ವಸತಿಗೃಹಗಳನ್ನೂ ಕಟ್ಟುವದೇ ಸಾಕು, ಇತಿಹಾಸದ ಪುರಾಣವೇಕೆ ಎನ್ನುವರು. ಕಡಲ ಜನರಿಗೆ ಉದ್ಯೋಗ ಬೇಕೆಂಬದನ್ನು ನಾವು ಬಲ್ಲೆವು. ೧೯೯೮ರಿಂದ ಕೊಂಕಣ ರೈಲು ಓಡುತ್ತಿರುವದರಿಂದಲೂ ಹೆದ್ದಾರಿಯು ಅಗಲವಾದುದರಿಂದಲೂ ಎಷ್ಟೋ ಅನುಕೂಲವಾಗಿದೆ. ಆದರೆ ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮಗ್ಗುಲಿನ ಗುಡ್ಡವು ಕುಸಿದು, ಚಹದ ಅಂಗಡಿಯ ಸಂಸಾರವೂ ಲಾರಿಗಳೂ ಗಂಗಾವಳಿಯ ಪಾಲಾದುದನ್ನು ಮರೆಯಬಹುದೇ? ನೆಲದ ಗುಣವನ್ನು ಅರಿಯದೆ ಕಡಿದ ಗುಡ್ಡವೂ, ಬೆಲೆಯನ್ನು ಅರಿಯದೆ ಬಳಿದ ಗೋಡೆಯೂ ಒಂದೇ ಅಜ್ಞಾನದ ಎರಡು ಫಲಗಳು. ಬರಿಯ ಮರಳನ್ನು ಮಾರುವ ಊರಿಗೆ ಬರಿಯ ಮರಳನ್ನು ತುಳಿಯುವ ಜನರೇ ಬರುವರು. ಗುಡಿ, ಕೋಟೆ, ಆಟ, ಹಾಡುಗಳನ್ನು ಕಾಪಾಡಿದ ಊರಿಗೆ ಬಂದವನು ನಾಲ್ಕು ದಿನ ಹೆಚ್ಚು ನಿಲ್ಲುವನು. ಹಣದ ಲೆಕ್ಕದಿಂದಲೂ ಇದು ನಷ್ಟದ ಮಾತಲ್ಲ.

ಹಾಗಾದರೆ ಮಾಡತಕ್ಕದ್ದೇನು? ಶಾಲೆಯ ಪ್ರವಾಸಗಳನ್ನು ಏರ್ಪಡಿಸುವ ಶಿಕ್ಷಕರು ಮೂರು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಈ ಕರಾವಳಿಗೆ ಕರೆತರಲಿ. ಮಳೆಯು ಹಿಂದಾದ ಕಾರ್ತಿಕದಿಂದ ಮಾಘದ ವರೆಗಿನ ಹವೆಯು ಇದಕ್ಕೆ ಹಿತಕರ. ಕಾರವಾರದಿಂದ ಭಟ್ಕಳಕ್ಕೆ ಮೋಟಾರಿನಲ್ಲಿ ಮೂರು ತಾಸಿನ ಹಾದಿ. ಆದರೆ ಮೂರು ದಿನಗಳಿಗೆ ಕಡಿಮೆ ಇಟ್ಟುಕೊಳ್ಳಬಾರದು. ಪ್ರತಿ ಮಗುವಿನ ಕೈಯಲ್ಲಿ ಒಂದು ವಹಿಯಿರಲಿ: ಕಂಡ ಮರದ ಹೆಸರು, ಕೇಳಿದ ಹೊಸ ಶಬ್ದ, ಗುಡಿಯ ಮಾಡಿನ ಚಿತ್ರ, ಬೆಸ್ತನು ಹೇಳಿದ ಗಾಳಿಯ ಹೆಸರು ಅದರಲ್ಲಿ ಏರಲಿ. ಒಂದು ರಾತ್ರಿ ಆಟ ನೋಡಲಿ. ಒಂದು ಬೆಳಗು ಉಪ್ಪಿನ ಆಗರದಲ್ಲಿ ಕಳೆಯಲಿ. ಹಿಂತಿರುಗುವಾಗ ತಾವು ತಂದ ಕಸವನ್ನು ತಾವೇ ಒಯ್ಯಲಿ. ಕರಾವಳಿಯ ಶಿಕ್ಷಕರೂ ತಮ್ಮ ಮಕ್ಕಳನ್ನು ಬಾದಾಮಿ, ಲಕ್ಕುಂಡಿ, ಬೀದರಗಳಿಗೆ ಕರೆದೊಯ್ದು ಈ ಋಣವನ್ನು ತೀರಿಸಲಿ.

ಪಟ್ಟಣಿಗರು ತಾವು ಹೋದ ಊರಿನ ಹಳೆಯ ಗುಡಿಯ ಆಡಳಿತದವರನ್ನು ಕಂಡು, ಕಾವಿಯ ಗೋಡೆಯಿದ್ದರೆ ಅದನ್ನು ಮ್ಮೆ ಮನಸಾರೆ ಹೊಗಳಲಿ. ಜೀರ್ಣೋದ್ಧಾರಕ್ಕೆ ಕಾಣಿಕೆ ಕೊಡುವವರು ಹಳೆಯ ಗಿಲಾವನ್ನು ಕೆರೆಯಕೂಡದೆಂಬ ಕರಾರಿನಿಂದ ಕೊಡಲಿ. ಉಳಿದಿರುವ ಕಾವಿಯ ಗೋಡೆಗಳೆಲ್ಲವುಗಳ ಯಾದಿಯನ್ನು ಊರೂರಿಗೆ ತಯಾರಿಸಿ ಚಿತ್ರಗಳನ್ನು ಹಿಡಿದಿಡುವದು ಸರಕಾರದ ಕೆಲಸ. ಆದರೆ ಸರಕಾರವನ್ನು ಕಾಯುತ್ತ ಕೂಡ್ರುವಷ್ಟು ಕಾಲವನ್ನು ಆ ಗೋಡೆಗಳು ನಮಗೆ ಕೊಡಲಾರವು. ಒಂದೊಂದು ಪ್ರೌಢಶಾಲೆಯು ತನ್ನ ಸುತ್ತಲಿನ ಹತ್ತು ಗುಡಿಗಳನ್ನು ನೋಡಿ ಬರೆದಿಟ್ಟರೆ ಒಂದೇ ವರ್ಷದಲ್ಲಿ ಈ ಕೆಲಸವು ಬಹುಮಟ್ಟಿಗೆ ಮುಗಿಯುವದು.

ನಮ್ಮ ಹಿರಿಯರಿಗೆ ನಾಡು ಒಂದಾಗಿರಲಿಲ್ಲ. ಆದರೂ ಅವರು ಅದನ್ನು ಕಾಲಿನಿಂದ ನಡೆದು ಬಲ್ಲವರಾಗಿದ್ದರು. ನಮಗೆ ನಾಡು ಒಂದಾಗಿ ಸಿಕ್ಕಿದೆ, ಹಾದಿಗಳೂ ಸಿಕ್ಕಿವೆ. ಬಲ್ಲೆವೆನ್ನುವ ಧೈರ್ಯ ಮಾತ್ರ ನಮಗಿಲ್ಲ. ಲೇಖದ ಮೊದಲಲ್ಲಿ ಹೇಳಿದ ನಮ್ಮ ಮಿತ್ರರಿಗೆ ನಾವು ಪತ್ರ ಬರೆದಿದ್ದೇವೆ. ಗೋವೆಗೆ ಹೋಗಬೇಡಿರೆಂದಲ್ಲ. ಹೋಗುವ ಮೊದಲು ಕಾಳಿಯ ದಂಡೆಯಲ್ಲಿ ಒಂದು ಸಂಜೆ ಮಕ್ಕಳೊಡನೆ ಕುಳಿತು, ತಾವು ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಬಳಿದ ಆ ನೀಲಿಯ ಬಣ್ಣವು ಇದೇ ನೋಡಿರೆಂದು ಅವರಿಗೆ ತೋರಿಸಿರಿ ಎಂದು ಬರೆದಿದ್ದೇವೆ. ಉತ್ತರವು ಇನ್ನೂ ಬಂದಿಲ್ಲ, ಬರುವದೆಂಬ ಭರವಸೆಯಿದೆ.